ಕೋಟೆ ಹೋಯಿತು, ಹಂಚಿನ ಮಾಡು ಉಳಿಯಿತು

ಉಪ್ಪುಂದದಿಂದ ಉತ್ತರಕ್ಕೆ ಹೊರಟರೆ ಬೈಂದೂರು, ಅದನ್ನು ದಾಟಿದರೆ ಶಿರೂರು. ಉಡುಪಿ ಜಿಲ್ಲೆ ಅಲ್ಲಿಗೆ ಮುಗಿದು ಉತ್ತರ ಕನ್ನಡ ಶುರುವಾಗುತ್ತದೆ. 1862ರಿಂದ 1956ರವರೆಗೆ ಅಲ್ಲಿ ಮುಗಿಯುತ್ತಿದ್ದುದು ಮದರಾಸು. ಆಚೆಯ ಭಟ್ಕಳ ಮುಂಬಯಿಗೆ ಸೇರಿತ್ತು. ಅಖಂಡ ಕೆನರಾ ಜಿಲ್ಲೆಯನ್ನು ಎರಡು ಮಾಡಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಒಪ್ಪಿಸಿದಾಗ ಕುಂದಾಪುರ ತಾಲ್ಲೂಕನ್ನು ಮಾತ್ರ ಮದರಾಸಿನವರು ಬಿಟ್ಟುಕೊಡಲಿಲ್ಲ. ಹಾಗಾಗಿ ಉಪ್ಪುಂದ, ಬೈಂದೂರು ಸೀಮೆಯ ಜನ ಭೂಮಿಯ ತಕರಾರಿರಲಿ, ಕೋರ್ಟಿನ ವಾಯಿದೆಯಿರಲಿ, ದಕ್ಷಿಣಕ್ಕೆ ಮುಖಮಾಡಿ ಹೊಳೆ ದಾಟಿ ಕುಂದಾಪುರಕ್ಕೆ ಹೋಗಬೇಕಿತ್ತು. ಈ ನೆಲದ ವಸಾಹತು ಕಾಲದ ಕಟ್ಟಡಗಳನ್ನು ಅರಿಯಲು ಆ ದಾರಿಯನ್ನೇ ಹಿಡಿಯುವುದು ಒಳ್ಳೆಯದು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಂಥ ಚಿತ್ರಭಿತ್ತಿಯನ್ನಾಗಲಿ, ಬೆಂಗಳೂರಿನ ಕೆಂಪು ಅಠಾರಾ ಕಚೇರಿಯಂಥ ಕಂಬಸಾಲನ್ನಾಗಲಿ ಇಲ್ಲಿ ಹುಡುಕಬಾರದು. ಇಲ್ಲಿನ ಪರಂಪರೆ ಬೇರೆ ಬಗೆಯದು. ನಾಲ್ಕೂವರೆ ಶತಮಾನಗಳಷ್ಟು ಹಿಂದೆ ಆರಂಭವಾದರೂ ಬಹುಪಾಲು ನೆಲದೊಳಗೆ ಕರಗಿದೆ. ಉಳಿದದ್ದು ಸಾದಾ ಗೋಡೆಗಳಲ್ಲಿ, ಇಳಿಜಾರು ಮಾಡುಗಳ ಕೆಳಗೆ, ಇಂದಿಗೂ ಬಳಕೆಯಲ್ಲಿದೆ. ಬಳಕೆಯಲ್ಲಿ ಇದ್ದುದರಿಂದಲೇ ಉಳಿದಿದೆ ಎನ್ನುವುದು ನನ್ನ ನಂಬಿಕೆ.

ಪೋರ್ಚುಗೀಸರನ್ನು ಈ ಕಡೆಗೆ ಎಳೆದದ್ದು ಕಾಳುಮೆಣಸಿಗಿಂತ ಹೆಚ್ಚಾಗಿ ಅಕ್ಕಿ. ಗೋವೆಯ ಅನ್ನದ ಬಟ್ಟಲು ತುಂಬುತ್ತಿದ್ದುದು ಕೆನರಾದ ಗದ್ದೆಗಳಿಂದ. ಇಲ್ಲಿನ ಅಕ್ಕಿ ಹೊರ್ಮುಜ್, ಮಸ್ಕತ್ತಿನವರೆಗೂ ಹಡಗೇರುತ್ತಿತ್ತು. ಆ ವ್ಯಾಪಾರದ ಬಾಗಿಲು ವಾರಾಹಿ ದಂಡೆಯ ಬಸರೂರು. ಮೂಡುಕೇರಿ, ಪಡುವಕೇರಿ ಎಂಬ ಕೇರಿಗಳೂ ಅವುಗಳ ವರ್ತಕ ಸಂಘಗಳೂ ವಿಜಯನಗರ ಕಾಲದ ಶಾಸನಗಳಲ್ಲೇ ಹೆಸರು ಮಾಡಿದ್ದವು. ಪೋರ್ಚುಗೀಸರು ಅದನ್ನು ಬಾರ್ಸೆಲೋರ್ ಎಂದರು. 1569ರಲ್ಲಿ ಗೋವೆಯ ವೈಸರಾಯ್ ಲೂಯಿಸ್ ದ ಅತಾಯಿದೆಯ ನೌಕಾಪಡೆ ಹೊನ್ನಾವರವನ್ನೂ ಬಸರೂರನ್ನೂ ಹಿಡಿಯಿತು. ಆದರೆ ಅವರ ಕೋಟೆ ಎದ್ದದ್ದು ಹಳೆಯ ಪೇಟೆಯಲ್ಲಲ್ಲ, ಹೊಳೆಯ ಕೆಳಭಾಗದಲ್ಲಿ, ಅಳಿವೆಗೆ ಹತ್ತಿರ. ಅಳಿವೆ ಕೈಯಲ್ಲಿದ್ದರೆ ಒಳನಾಡಿನ ಪೇಟೆ ತಾನಾಗಿ ಮಣಿಯುತ್ತದೆ ಎಂಬುದು ಅವರ ಲೆಕ್ಕ. 1623ರಲ್ಲಿ ಇಕ್ಕೇರಿಯ ಅರಮನೆ ನೋಡಿ ಘಟ್ಟವಿಳಿದು ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಎರಡು ಬಾರ್ಸೆಲೋರ್‌ಗಳ ವಿಷಯ ಬರೆದಿದ್ದಾನೆ: ಮೇಲಿನದು ನಾಡಿನವರದು, ಕೆಳಗಿನದು ಪೋರ್ಚುಗೀಸರದು. ಆ ಕೆಳಗಿನದೇ ಇಂದಿನ ಕುಂದಾಪುರ. 17ನೇ ಶತಮಾನದ ಮೊದಲರ್ಧದಲ್ಲಿ ಎದುರು ದಂಡೆಯ ಗಂಗೊಳ್ಳಿಯಲ್ಲೂ ಅವರು ನೆಲೆ ಕಟ್ಟಿದರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಒಂದಾಗಿ ಕಡಲು ಸೇರುವ ಬಾಯಿಗೆ ಆಚೆಗೊಂದು ಈಚೆಗೊಂದು ಕಾವಲು ಬಿದ್ದಂತಾಯಿತು.

ಆ ಕಾವಲು ಬಹಳ ಕಾಲ ಬಾಳಲಿಲ್ಲ. ಕೆಳದಿಯ ಶಿವಪ್ಪ ನಾಯಕ 1654ರ ಹೊತ್ತಿಗೆ ಹೊನ್ನಾವರ, ಬಸರೂರು, ಗಂಗೊಳ್ಳಿ ಮೂರರಿಂದಲೂ ಪೋರ್ಚುಗೀಸರನ್ನು ಹೊರದೂಡಿದ. 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ ಹಡಗೇರಿ ಬಂದ ಶಿವಾಜಿ ಬಸರೂರನ್ನು ಸೂರೆಮಾಡಿದ. ಆ ಪೇಟೆಯ ಸಂಪತ್ತಿಗೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಮುಂದೆ ಹೈದರ್, ಟಿಪ್ಪು. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸ್ ಕುಂದಾಪುರದಲ್ಲಿಳಿದು ಹೊಸಂಗಡಿ ಘಾಟಿಯ ಮೂಲಕ ಬಿದನೂರಿಗೆ ಏರಿದ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಕರಾವಳಿಯಷ್ಟೂ ಕಂಪನಿಯ ಪಾಲಾಯಿತು, ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರನಾದ.

ಇಷ್ಟೆಲ್ಲ ಕೋಟೆಗಳ ಕಲ್ಲು ಎಲ್ಲಿ ಹೋಯಿತು? ಉತ್ತರ ನಮ್ಮ ಮುರಕಲ್ಲಿನಲ್ಲೇ ಇದೆ. ನೆಲದಿಂದ ಕಡಿದು ತೆಗೆಯುವಾಗ ಕತ್ತಿಗೂ ಬಗ್ಗುವಷ್ಟು ಮೆತ್ತಗಿರುವ ಈ ಕೆಂಪುಕಲ್ಲು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಘನ ಆಕಾರದಲ್ಲಿ ಕಡಿದಿರುವುದರಿಂದ ಹಳೆಯ ಗೋಡೆ ಬಿಚ್ಚಿ ಹೊಸ ಗೋಡೆಗೆ ಹಚ್ಚುವುದು ಸುಲಭ. ಯಜಮಾನರಿಲ್ಲದ ಕೋಟೆ ಸುತ್ತಲ ಊರಿನವರಿಗೆ ಸಿದ್ಧ ಕಲ್ಲುಗಣಿಯಾಗುತ್ತದೆ: ಬಾವಿಕಟ್ಟೆಗೆ ಒಂದಿಷ್ಟು, ದರೆಗೆ ಒಂದಿಷ್ಟು, ಮನೆಯ ಪಂಚಾಂಗಕ್ಕೆ ಒಂದಿಷ್ಟು. ಕಳ್ಳತನವೆಂದು ನಾನಿದನ್ನು ಕರೆಯಲಾರೆ. ಕಲ್ಲು ಕಡಿಯುವ, ಹೊರುವ ಕಷ್ಟ ಬಲ್ಲವರು ಬಿದ್ದ ಕಲ್ಲನ್ನು ಮಣ್ಣುಪಾಲು ಮಾಡಲಿಲ್ಲ, ಅಷ್ಟೇ. 1801ರ ಫೆಬ್ರವರಿಯಲ್ಲಿ ಉಡುಪಿ, ಕುಂದಾಪುರ, ಬೈಂದೂರು ಹಾದಿಯಾಗಿ ಭಟ್ಕಳದತ್ತ ಸಾಗಿದ ಫ್ರಾನ್ಸಿಸ್ ಬುಕಾನನ್, ಈ ಕಲ್ಲಿನ ಗುಣವನ್ನು ಜಗತ್ತಿನ ಭೂವಿಜ್ಞಾನಕ್ಕೆ ಪರಿಚಯಿಸಿದ್ದು ಅದೇ ಪ್ರವಾಸದಲ್ಲಿ ಮಲಬಾರಿನಲ್ಲಿ ಕಂಡ ಗಣಿಯೊಂದರ ವರ್ಣನೆಯಿಂದ. 

ಕೋಟೆಗಳು ಹೋದರೂ ಚರ್ಚುಗಳು ನಿಂತವು. ಕುಂದಾಪುರದ ಹೋಲಿ ರೋಸರಿ ಚರ್ಚ್ 1570ರಲ್ಲಿ ಸ್ಥಾಪನೆಯಾದದ್ದು. ಮಂಗಳೂರಿನ ರೊಸಾರಿಯೊಗಿಂತ (1568) ಎರಡೇ ವರ್ಷ ಕಿರಿಯದು. ಗಂಗೊಳ್ಳಿಯ ಚರ್ಚಿನ ಸ್ಥಾಪನೆ 1630ರಲ್ಲಿ. ಬ್ರಹ್ಮಾವರದಿಂದ ತುಸು ದಕ್ಷಿಣಕ್ಕೆ, ಸ್ವರ್ಣೆಯ ಆಚೆ, ಕಲ್ಯಾಣಪುರದ ಮಿಲಾಗ್ರಿಸ್ 1678ರದ್ದು. ಕೆಳದಿಯ ಚೆನ್ನಮ್ಮಾಜಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಅವಕಾಶ ಕೊಟ್ಟದ್ದೂ ಅದೇ ವರ್ಷ. ಕೋಟೆ ಕಸಿದುಕೊಂಡ ಮನೆತನವೇ ಕಾಲು ಶತಮಾನ ಕಳೆದ ಮೇಲೆ ಪ್ರಾರ್ಥನಾಮಂದಿರಕ್ಕೆ ಜಾಗ ಕೊಟ್ಟಿತು. ನಮ್ಮ ಕರಾವಳಿಯ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಪುಟ ಇದು.

1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದ ಗೋವೆಯ ಪಾದ್ರಿ ಜೋಸೆಫ್ ವಾಜ್, ಕುಂದಾಪುರ, ಗಂಗೊಳ್ಳಿ, ಬಸರೂರು, ಕಲ್ಯಾಣಪುರಗಳಲ್ಲಿ ಓಡಾಡಿ ಶಾಲೆಗಳನ್ನು ತೆರೆದವರು. ಪೋರ್ಚುಗೀಸ್ ಅಧಿಕಾರ ಕುಸಿದು ಪಾದ್ರಿಗಳೇ ಸಿಗದಿದ್ದ ಕಾಲವದು. ಮುಂದೆ ಅವರು ಶ್ರೀಲಂಕಾಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ನೀಡಿದಾಗ ಕುಂದಾಪುರದ ಭಕ್ತರಿಗೆ ಅದು ತಮ್ಮೂರ ಪಾದ್ರಿಗೆ ಸಂದ ಗೌರವವಾಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. 1570 ಎನ್ನುವುದು ಸಂಸ್ಥೆ ಹುಟ್ಟಿದ ವರ್ಷ. ಅದನ್ನೇ ಕಣ್ಣೆದುರಿನ ಗೋಡೆಯ ವಯಸ್ಸೆಂದು ಓದಬಾರದು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಸೀಮೆಯ ಹೆಚ್ಚಿನ ಚರ್ಚುಗಳು ನೆಲಸಮವಾದವು. 1799ರ ನಂತರ ಮರಳಿ ಬಂದವರು ಹಳೆಯ ಜಾಗದಲ್ಲೇ ಹೊಸತಾಗಿ ಕಟ್ಟಿಕೊಂಡರು. ಮೊದಲು ಮಣ್ಣು, ಮರ, ಮುಳಿಹುಲ್ಲಿನಲ್ಲಿ. ಆಮೇಲೆ ಮುರಕಲ್ಲು, ಸುಣ್ಣದಲ್ಲಿ. ಮಂದಿ ಹೆಚ್ಚಿದಂತೆ ಕಟ್ಟಡ ದೊಡ್ಡದಾಯಿತು, ಮುಖಮಂಟಪ ಬದಲಾಯಿತು. ಸ್ಥಳ ಹಳೆಯದು, ಪೂಜೆ ಹಳೆಯದು, ಗೋಡೆ ಮಾತ್ರ ಹಲವು ತಲೆಮಾರುಗಳದು. ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರ ಕಂಡವರಿಗೆ ಇದು ಹೊಸ ವಿಷಯವೇನಲ್ಲ.

ಬ್ರಹ್ಮಾವರದ ಕಥೆ ಇನ್ನೂ ವಿಶಿಷ್ಟ. ಪೋರ್ಚುಗಲ್ ಅರಸರ ಆಶ್ರಯದ ಗೋವೆ ಪಾದ್ರಿಗಳಿಗೂ ರೋಮಿನ ನೇರ ಆಡಳಿತಕ್ಕೂ ಇದ್ದ ಹಳೆಯ ಜಗಳ 1886ರ ಒಪ್ಪಂದದಲ್ಲಿ ಮುಗಿದಾಗ, ಗೋವೆಯ ನಂಟು ಬಿಡಲೊಲ್ಲದ ಕೆಲವರು ಬೇರೆಯದೇ ದಾರಿ ಹಿಡಿದರು. ಅವರಲ್ಲೊಬ್ಬರಾದ ಗೋವೆಯ ಪಾದ್ರಿ ಅಲ್ವಾರಿಸ್, 1889ರಲ್ಲಿ ಕೇರಳದ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಆರ್ಥೊಡಾಕ್ಸ್ ಸಿರಿಯನ್ ಸಭೆಯ ಬಿಷಪರಾದರು. ಅವರ ಒಡನಾಡಿ ಪಾದ್ರಿ ನೊರೋನ್ಹಾ 1936ರಲ್ಲಿ ಕಣ್ಮುಚ್ಚುವವರೆಗೂ ಬ್ರಹ್ಮಾವರದಲ್ಲೇ ಬಡವರ, ರೋಗಿಗಳ ನಡುವೆ ಬಾಳಿದರು. ಅವರ ಸಮಾಧಿ ಇರುವ ಸಂತ ಮೇರಿ ಸಿರಿಯನ್ ಕೆಥೆಡ್ರಲ್‌ನಲ್ಲಿ ಸಿರಿಯಾದ ಪೂಜಾಕ್ರಮ ಕೊಂಕಣಿಯಲ್ಲಿ ನಡೆಯುತ್ತದೆ. ಅದರ ಬೆನ್ನಿಗೇ ಬೆಳೆದದ್ದು ಇಂದಿನ ಎಸ್‌ಎಂಎಸ್ ಶಾಲೆ, ಕಾಲೇಜುಗಳು.

ಇನ್ನು ಬ್ರಿಟಿಷರ ಕಾಲದ ಸರ್ಕಾರಿ ಕಟ್ಟಡಗಳು. ಕಚೇರಿ, ಕೋರ್ಟು, ಮುಸಾಫರಿ ಬಂಗಲೆ, ಬೋರ್ಡ್ ಶಾಲೆ: ಇವುಗಳ ಚಹರೆಯನ್ನು ರೂಪಿಸಿದ್ದು ಯಾವ ಇಂಗ್ಲಿಷ್ ಎಂಜಿನಿಯರನೂ ಅಲ್ಲ, ಒಂದು ಹಂಚು. ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ತೋಡಿಗೆ ಕೂರುವ ಈ ಚಪ್ಪಟೆ ಹಂಚಿನ ಮೂಲ ಫ್ರಾನ್ಸಿನ ಅಲ್ಸೇಸ್. ಅಲ್ಲಿ ಜಿಲಾರ್ಡೋನಿ ಸೋದರರು 1841ರಲ್ಲಿ ಅದರ ಹಕ್ಕು ಪಡೆದಿದ್ದರು. ನೇತ್ರಾವತಿಯ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. 1886ರಲ್ಲಿ ಮಿಷನ್ನಿನ ಇನ್ನೊಂದು ಕಾರ್ಖಾನೆ ಮಲ್ಪೆಯಲ್ಲಿ ಬಂತು. ಮಂಜಿಗಳಲ್ಲಿ ತುಂಬಿದರೆ ಗಂಗೊಳ್ಳಿ, ಬೈಂದೂರಿನ ಬಂದರುಗಳು ದೂರವಲ್ಲ.

ಆ ಹಂಚು ಬರುವ ಮುನ್ನ ಈ ಊರುಗಳ ಮಾಡು ಬಹುಪಾಲು ಹುಲ್ಲಿನದು, ಉಳ್ಳವರಿದ್ದರೆ ಕುಂಬಾರರ ನಾಡಹಂಚಿನದು. ಹುಲ್ಲು ವರ್ಷವರ್ಷವೂ ಹೊದೆಸಬೇಕು, ಬೆಂಕಿಗೆ ಹೆದರಬೇಕು. ನಾಡಹಂಚು ಕೋಳಿ ಹಾರಿದರೂ ಜಾರುತ್ತಿತ್ತು. ಹೊಸ ಹಂಚು ಒಂದನ್ನೊಂದು ಕಚ್ಚಿ ಹಿಡಿಯುವುದರಿಂದ ಕಡಿಮೆ ಹಂಚು, ಕಡಿಮೆ ಭಾರ, ಸಪೂರ ಪಕಾಸು, ಅಗಲವಾದ ಕೋಣೆ. ಐವತ್ತು ಮಕ್ಕಳು ಕೂರುವ ತರಗತಿ, ನೂರಾರು ಕಡತಗಳ ಕಚೇರಿ, ಕಕ್ಷಿದಾರರು ಮಳೆಗೆ ನಿಲ್ಲುವ ಜಗಲಿ, ಎಲ್ಲ ಒಂದೇ ಮಾಡಿನಡಿ ಸಾಧ್ಯವಾಯಿತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಮುರಕಲ್ಲಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಮೇಲಿನ ಮಾಡು. ಸೂರು ಗೋಡೆಯಿಂದ ಮೂರಡಿ ಹೊರಚಾಚಿದ್ದರೆ ನೀರು ಗೋಡೆಗೆ ತಾಗದು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ತೇವವನ್ನು ಹೊರಗೆ ಉಸಿರಾಡುತ್ತದೆ. ಒಂದು ಮೂಲೆಯ ಹಂಚು ಒಡೆದು ಅದನ್ನು ಬದಲಿಸುವವರಿಲ್ಲದೇ ಹೋದರೆ ಮೊದಲ ಮಳೆಗಾಲಕ್ಕೆ ರೀಪು ಕೊಳೆಯುತ್ತದೆ, ಮುಂದಿನದಕ್ಕೆ ಪಕಾಸು ಕುಸಿಯುತ್ತದೆ, ಆಮೇಲೆ ಕಲ್ಲಿನ ನಡುವಿನ ಮಣ್ಣು ತೊಳೆದುಹೋಗಿ ಗೋಡೆಯೇ ಕೂರುತ್ತದೆ. ನೂರು ವರ್ಷ ನಿಂತ ಕಟ್ಟಡ ಕೆಲವೇ ಮಳೆಗಾಲಗಳಲ್ಲಿ ದಿಣ್ಣೆಯಾಗುತ್ತದೆ. ಸಿಮೆಂಟ್ ಗಾರೆ ಬಳಿದು ದುರಸ್ತಿ ಮಾಡಿದರೂ ಅಪಾಯವೇ: ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಪುಡಿಯಾಗುತ್ತದೆ.

ಹಾಗಾಗಿಯೇ ಇಂದು ಉಳಿದಿರುವ ಹಳೆಯ ಕಟ್ಟಡಗಳೆಲ್ಲ ದಿನವೂ ಬಾಗಿಲು ತೆರೆಯುವಂಥವು. ಜವಾನ ಸೋರುವ ಜಾಗ ಹೇಳುತ್ತಾನೆ, ಮಳೆಗೆ ಮುನ್ನ ಯಾರೋ ಏಣಿ ಹತ್ತುತ್ತಾರೆ. ಕಾನೂನಿನ ಆಸರೆಯಾದರೋ ತೆಳ್ಳಗಿದೆ. ಕೇಂದ್ರದ 1958ರ ಕಾಯ್ದೆ ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕವೆಂದು ಪರಿಗಣಿಸಬಹುದೆನ್ನುತ್ತದೆ, ಕರ್ನಾಟಕಕ್ಕೆ 1961ರ ತನ್ನದೇ ಕಾಯ್ದೆಯಿದೆ. ಆದರೆ ವಯಸ್ಸಷ್ಟೇ ಸಾಲದು, ಅಧಿಸೂಚನೆ ಹೊರಡಬೇಕು. ಸಾದಾ ಹಂಚಿನ ಶಾಲೆಗೆ, ಪೇಟೆಬೀದಿಯ ಜಗಲಿ ಅಂಗಡಿಗೆ ಯಾರು ಅಧಿಸೂಚನೆ ಹೊರಡಿಸುತ್ತಾರೆ? ಕುಂದಾಪುರದಿಂದ ಶಿರೂರಿನವರೆಗೆ ಹೆದ್ದಾರಿ ನಾಲ್ಕು ಪಥವಾದಾಗ ರಸ್ತೆಬದಿಯ ಹಳೆಯ ಮಾಡುಗಳು ಒಂದೊಂದಾಗಿ ಇಳಿದವು. ರಸ್ತೆ ಬೇಡವೆನ್ನಲಾಗದು, ಆದರೆ ಕೆಡಹುವ ಮುನ್ನ ಅಳತೆ ತೆಗೆದು, ನಕ್ಷೆ ಬರೆದು, ನಾಲ್ಕು ಫೋಟೊ ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಇಡಲು ದೊಡ್ಡ ಖರ್ಚಿಲ್ಲ. ಬೈಂದೂರು, ಬ್ರಹ್ಮಾವರಗಳು ಈಗ ಸ್ವತಂತ್ರ ತಾಲ್ಲೂಕುಗಳು. ಹೊಸ ಆಡಳಿತ ಸೌಧ ಎದ್ದಂತೆ ಹಳೆಯ ಕಚೇರಿಗಳು ತೆರವಾಗುತ್ತವೆ, ಅವಕ್ಕೆ ಕುತ್ತು ಬರುವುದು ಆಗಲೇ. ಖಾಲಿ ಬಿಡುವ ಬದಲು ಗ್ರಂಥಾಲಯಕ್ಕೋ ದಾಖಲೆ ಕೋಣೆಗೋ ಅಂಗನವಾಡಿಗೋ ಕೊಟ್ಟರೆ ಮಾಡು ನೋಡಿಕೊಳ್ಳುವವರು ಸಿಗುತ್ತಾರೆ.

ಕಟ್ಟಡದ ಕಾಲ ಅಂದಾಜು ಮಾಡಲು ಬಯಸುವವರು ಕೆಳಗಿಳಿಸಿದ ಹಂಚನ್ನು ಮಗುಚಿ ನೋಡಲಿ. ಬಾಸೆಲ್ ಮಿಷನ್ ಹೆಸರಿನೊಡನೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆದರೂ ಆ ಹೆಸರೇ ಒಂದು ಸುಳಿವು: ಮೊದಲ ಮಹಾಯುದ್ಧದ ವೇಳೆ ಜರ್ಮನ್, ಸ್ವಿಸ್ ಮಿಷನರಿಗಳ ಕಾರ್ಖಾನೆಗಳು ಸರ್ಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಮಿಷನ್ನಿನ ಮುದ್ರೆಯ ಹಂಚು ಅದಕ್ಕೂ ಮುಂಚಿನದು, ಕಾಮನ್‌ವೆಲ್ತ್ ಮುದ್ರೆಯದು ಆಮೇಲಿನದು. ಒಂದೇ ಮಾಡಿನಲ್ಲಿ ಎರಡೂ ಸಿಕ್ಕರೆ ನಡುವೆ ಯಾರೋ ದುರಸ್ತಿ ಮಾಡಿಸಿದ್ದಾರೆ ಎಂದರ್ಥ.

ನೋಡಲು ಹೋಗುವವರು ಬಸರೂರಿನಿಂದ ಶುರುಮಾಡಿದರೆ ಕ್ರಮ ಸರಿಯಾಗುತ್ತದೆ. ಮಹಾಲಿಂಗೇಶ್ವರನ ಗುಡಿ, ಹಳೆಯ ಕೇರಿಗಳು, ವಾರಾಹಿಯ ದಂಡೆ ನೋಡಿಕೊಂಡು ಹೊಳೆಯ ಜಾಡಿನಲ್ಲೇ ಪಶ್ಚಿಮಕ್ಕೆ ಬಂದರೆ ಕುಂದಾಪುರದ ರೋಸರಿ ಚರ್ಚ್. ಅಲ್ಲಿಂದ ಗಂಗೊಳ್ಳಿ ನೀರಿನ ಮೇಲೆ ಕೂಗಳತೆ. ರಸ್ತೆಯಲ್ಲಾದರೆ ಹೆಮ್ಮಾಡಿ, ಮರವಂತೆಯ ಕಡೆಗೆ ಸಾಗುವ ಹೆದ್ದಾರಿ ಹಿಡಿದು ತ್ರಾಸಿಯ ಬಳಿ ಒಳಹೊರಳಬೇಕು. ಬಂದರಿನ ಕಟ್ಟೆಯ ಮೇಲೆ ನಿಂತು ಅಳಿವೆಯತ್ತ ಕಣ್ಣು ಹಾಯಿಸಿದರೆ ಪೋರ್ಚುಗೀಸರು ಎರಡೂ ದಂಡೆಗಳಿಗೆ ಯಾಕೆ ಆಸೆಪಟ್ಟರು ಎನ್ನುವುದು ಯಾವ ನಕ್ಷೆಯೂ ಇಲ್ಲದೆ ತಿಳಿಯುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಹೋಗಿ, ದಾರಿಯ ಹಳೆಯ ಶಾಲೆಗಳ ಸೂರಿನಡಿಗೂ ಒಮ್ಮೆ ತಲೆಯೆತ್ತಿ ನೋಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿದರೆ ಒಳಗೆ ಬಿಡುತ್ತಾರೆ.