ದೆಹಲಿ ಚಳಿಗಾಲಕ್ಕೆ ಏರ್ ಪ್ಯೂರಿಫೈಯರ್: ಯಾವ ನಂಬರ್ ನೋಡ್ಬೇಕು?

ದೀಪಾವಳಿ ಹತ್ರ ಬಂದ್ರೆ ನೋಯ್ಡಾ, ಗುರುಗ್ರಾಮದಲ್ಲಿರೋ ನಮ್ಮೋರು ಕೇಳೋದು ಒಂದೇ: ಯಾವ ಪ್ಯೂರಿಫೈಯರ್ ತಗೋಳೋದು? ಬ್ರ್ಯಾಂಡ್ ಆಮೇಲೆ. ಮೊದಲು ಸಿಎಡಿಆರ್ ನೋಡಿ, ಅಂದ್ರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅಂತ.

12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಬೆಡ್‌ರೂಮಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತೆ. ಗಂಟೆಗೆ 5 ಸಲ ಸೋಸಬೇಕಂದ್ರೆ ಸಿಎಡಿಆರ್ 205 ಬೇಕು. ಆದ್ರೆ ಡಬ್ಬದ ಮೇಲಿನ ನಂಬರ್ ಫ್ಯಾನ್ ಫುಲ್ ಸ್ಪೀಡಲ್ಲಿದ್ದಾಗಿನದು. ಆ ಸದ್ದಿಗೆ ಮಗು ಮಲಗಲ್ಲ, ನೀವು ಸ್ಲೀಪ್ ಮೋಡ್‌ಗೆ ಹಾಕ್ತೀರ, ಅಲ್ಲಿಗೆ ಲೆಕ್ಕ ಕೆಟ್ಟಿತು. ಅದಕ್ಕೇ ನಾನು ಹೇಳೋದು, 400ರ ಆಸುಪಾಸಿನದು ತಗೊಂಡು ಮಧ್ಯಮ ಸ್ಪೀಡಲ್ಲಿ ಓಡಿಸಿ.

ಹೆಪಾ ಫಿಲ್ಟರ್ ಹೊಗೆಯ ಕಣ ಹಿಡಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಹಿಡಿಯಲ್ಲ. ಮಧ್ಯಾಹ್ನ ಮಾಲಿನ್ಯ ಇಳಿದಾಗ ಹತ್ತು ನಿಮಿಷ ಕಿಟಕಿ ತೆಗೀರಿ.