ಹುಲ್ಲು ಕತ್ತರಿಸುವ ಯಂತ್ರ: ಪೆಟ್ರೋಲೋ, ಬ್ಯಾಟರಿಯೋ?

ಅಮೆರಿಕದ ಡಲ್ಲಾಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹುಲ್ಲು ಕತ್ತರಿಸುವ ಯಂತ್ರದ ಖರೀದಿಯ ಬಗ್ಗೆ ಅಳಿಯಂದಿರು ನನ್ನ ಸಲಹೆ ಕೇಳಿದರು. ಆ ಲೆಕ್ಕವು ಸದಸ್ಯ ಬಂಧುಗಳಿಗೂ ಉಪಯುಕ್ತವಾದೀತೆಂದು ಇಲ್ಲಿ ನೀಡಿರುತ್ತೇನೆ. (ಅಲ್ಲಿ ‘ಗ್ಯಾಸ್’ ಎಂದರೆ ಪೆಟ್ರೋಲ್, ಅಡುಗೆ ಅನಿಲವಲ್ಲ.)

ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಕಾನೂನು ರಚಿಸಿ, 2024ರ ಮಾದರಿ ವರ್ಷದಿಂದ ಇಂತಹ ಹೊಸ ಯಂತ್ರಗಳು ಹೊಗೆರಹಿತವಾಗಿರಬೇಕೆಂದು ನಿಯಮ ವಿಧಿಸಿತು. ಟೆಕ್ಸಾಸ್ ರಾಜ್ಯವಾದರೋ 2023ರಲ್ಲಿ ನಗರಾಡಳಿತಗಳು ಇಂಧನದ ಆಧಾರದಲ್ಲಿ ನಿಷೇಧ ಹೇರದಂತೆ ತಡೆಯಿತು. ಆದಕಾರಣ ಡಲ್ಲಾಸಿನ ಗೃಹಸ್ಥನಿಗೆ ಕಾನೂನಿನ ಒತ್ತಾಯವಿಲ್ಲ. ಉಳಿದಿರುವುದು ಲೆಕ್ಕ ಮಾತ್ರ.

ಪೆಟ್ರೋಲ್ ಯಂತ್ರಕ್ಕೆ 400 ಡಾಲರ್, ಬ್ಯಾಟರಿ ಹಾಗೂ ಚಾರ್ಜರ್ ಸಹಿತವಾದ ಯಂತ್ರಕ್ಕೆ 550 ಡಾಲರ್ ಎಂದು ಭಾವಿಸೋಣ. ಸಣ್ಣ ಅಂಗಳಕ್ಕೆ 280 ವಾಟ್-ಅವರ್ ಬ್ಯಾಟರಿ ಒಮ್ಮೆಗೆ ಸಾಕಾದೀತು. ವರ್ಷಕ್ಕೆ 30 ಬಾರಿ ಕತ್ತರಿಸಿದರೆ, ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 10 ಯೂನಿಟ್ ವಿದ್ಯುತ್. ವೆಚ್ಚ ಎರಡು ಡಾಲರ್ ಮೀರದು. ಪೆಟ್ರೋಲ್, ಆಯಿಲ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಎಲ್ಲ ಸೇರಿ ಇನ್ನೊಂದಕ್ಕೆ 55 ಡಾಲರ್ ಎಂದಿಟ್ಟುಕೊಂಡರೆ, ಹೆಚ್ಚುವರಿ ಬಂಡವಾಳ 150 ಡಾಲರ್ ಮೂರು ವರ್ಷದೊಳಗೆ ಮರಳುತ್ತದೆ. ಚಳಿಗಾಲದಲ್ಲಿ ಟ್ಯಾಂಕಿನಲ್ಲಿಯೇ ಉಳಿದ ಪೆಟ್ರೋಲ್ ಕಾರ್ಬುರೇಟರ್ ಕಟ್ಟಿಸಿದಾಗಿನ ರಿಪೇರಿಯನ್ನು ಇಲ್ಲಿ ಸೇರಿಸಿಲ್ಲ.

ಅಳಿಯಂದಿರ ಲೆಕ್ಕ ಇಲ್ಲಿಗೇ ಮುಗಿದಿತ್ತು. ನಾನು ಏಳು ವರ್ಷಗಳ ಲೆಕ್ಕ ಹಾಕಿದೆನು: ಪೆಟ್ರೋಲ್ ಯಂತ್ರಕ್ಕೆ ಒಟ್ಟು 785, ಬ್ಯಾಟರಿ ಯಂತ್ರಕ್ಕೆ 564 ಡಾಲರ್. ಆದರೆ ನಡುವೆ ಬ್ಯಾಟರಿ ಸತ್ತು ಹೊಸದಕ್ಕೆ 250 ಡಾಲರ್ ತೆರಬೇಕಾದರೆ ಮೊತ್ತ 814ಕ್ಕೇರಿ, ಲಾಭವೆಲ್ಲ ಕರಗುತ್ತದೆ. ಆದ್ದರಿಂದ ಬ್ಯಾಟರಿಯನ್ನು ಯಂತ್ರದ ಭಾಗವೆಂದಲ್ಲ, ಪ್ರತ್ಯೇಕ ಸವಕಳಿಯುಳ್ಳ ಆಸ್ತಿಯೆಂದೇ ಪರಿಗಣಿಸತಕ್ಕದ್ದು. ಬಿಸಿಯಾದ ಗ್ಯಾರೇಜಿನಲ್ಲಿ ಪೂರ್ಣ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಲಿಥಿಯಂ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಅರ್ಧ ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿಡುವುದು ಲೇಸು.

ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಮೊದಲ ಯಂತ್ರ ಕೊಂಡವನು ಎಲೆ ಊದುವ ಯಂತ್ರಕ್ಕೂ ಅದೇ ಕಂಪನಿಗೆ ಬರುವನು; ಮಾರಾಟಗಾರನ ಜಾಣ್ಮೆ ಅದರಲ್ಲಿದೆ. ಕೊಳ್ಳುವವನಿಗೂ ನಷ್ಟವೇನಿಲ್ಲ: ಬ್ಯಾಟರಿಯಿಲ್ಲದ ಬರಿಯ ಯಂತ್ರ ಅಗ್ಗ, ಒಂದೇ ಬ್ಯಾಟರಿಯ ವೆಚ್ಚ ಎರಡು ಮೂರು ಯಂತ್ರಗಳಿಗೆ ಹಂಚಿಹೋಗುತ್ತದೆ. ಕೊಳ್ಳುವಾಗ ವೋಲ್ಟ್‌ಗೆ ಮರುಳಾಗಬಾರದು. ‘40 ವೋಲ್ಟ್’ ಎಂದು ಬರೆದಿದ್ದು ವಾಸ್ತವವಾಗಿ 3.6 ವೋಲ್ಟಿನ ಹತ್ತು ಸೆಲ್‌ಗಳ 36 ವೋಲ್ಟ್ ಬ್ಯಾಟರಿ. ವಾಟ್-ಅವರ್ ಎಷ್ಟೆಂದು ಕೇಳಬೇಕು.

ದಿನವಿಡೀ ದುಡಿಯುವ ಗುತ್ತಿಗೆದಾರನಿಗೆ ಈ ಲೆಕ್ಕ ಅನ್ವಯಿಸದು. ಅವನಿಗೆ ಹಲವು ಬ್ಯಾಟರಿಗಳ ಬಂಡವಾಳ ಬೇಕು. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರದ ಸ್ಥಿತಿಯೂ ಇದೇ. ಬ್ಯಾಟರಿ ಸ್ಪ್ರೇಯರ್ ಮಾತ್ರ ಈಗಾಗಲೇ ರೈತರ ಬೆನ್ನೇರಿದೆ.

ಅಳಿಯಂದಿರು ಬ್ಯಾಟರಿಯದನ್ನೇ ಕೊಂಡರು, ಬ್ಯಾಟರಿಯ ವಾರಂಟಿ ಅವಧಿಯನ್ನು ನೋಡಿಕೊಂಡು.