ಗಣಕಯಂತ್ರದ ಪಾರುಪತ್ತೇಗಾರ

2025ನೆಯ ಇಸವಿಯ ಅಕ್ಟೋಬರ್ 14ರಂದು, ದುರ್ಗಾಪೂಜೆಯ ಸಡಗರ ಮುಗಿದು ನಮ್ಮೀ ಮಹಾನಗರವು ಕಾಳೀಪೂಜೆಗೆ ಅಣಿಯಾಗುತ್ತಿದ್ದ ವೇಳೆಯಲ್ಲಿ, ಸಂಘದ ಅನೇಕ ಸದಸ್ಯರ ಮನೆಯ ಗಣಕಯಂತ್ರಗಳಿಗೆ ಒಂದು ಬಗೆಯ ಅನಾಥಸ್ಥಿತಿ ಪ್ರಾಪ್ತವಾಯಿತು. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣಗಳು ಅಂದಿಗೆ ಕೊನೆಗೊಂಡವು. ನೋಂದಾಯಿಸಿಕೊಂಡವರಿಗೆ ಮಾತ್ರ ಮತ್ತೊಂದು ವರ್ಷದ ಕಾಲಾವಕಾಶವೆಂದು ಸಂಸ್ಥೆಯು ಪ್ರಕಟಿಸಿತು. ಯಂತ್ರಗಳೇನೂ ನಿಂತುಹೋಗಲಿಲ್ಲ. ಆದರೆ ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸಾಧನವೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಏಳೆಂಟು ವರ್ಷ ಹಿಂದಿನ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರವು.

ಲೇಕ್ ಮಾರ್ಕೆಟ್ ಸಮೀಪದಲ್ಲಿರುವ ನಮ್ಮ ಹಿರಿಯ ಸದಸ್ಯರೊಬ್ಬರು ಆಗ ಕೇಳಿದರು: "ಯಂತ್ರ ಕೆಟ್ಟಿಲ್ಲ, ನನ್ನ ಕೈಕಣ್ಣುಗಳೂ ಕೆಟ್ಟಿಲ್ಲ. ಮತ್ತೇಕೆ ಸ್ವಾಮಿ ಹೊಸದನ್ನು ಕೊಳ್ಳಬೇಕು?" ಆ ಕ್ಷಣದಲ್ಲಿ ನನಗೆ ಸಮರ್ಪಕವಾದ ಉತ್ತರ ಹೊಳೆಯಲಿಲ್ಲ. ಕಾರ್ಯಾಚರಣ ವ್ಯವಸ್ಥೆಯಿಂದ ನಮ್ಮಂಥವರು ಬಯಸುವುದಾದರೂ ಏನನ್ನು ಎಂಬ ವಿಚಾರವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ವ್ಯವಸ್ಥೆಯ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಾರಾನಗರದವರೆಗೆ ಹೋದರೆ ಸಾಕು. ಪ್ರೊಫೆಸರ್ ಮಹಾಲನೋಬಿಸ್ ಅವರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1955ರಲ್ಲಿ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಎಂಬ ಗಣಕಯಂತ್ರವು ಬಂದಿಳಿಯಿತು. ಭಾರತಕ್ಕೆ ಬಂದ ಮೊತ್ತಮೊದಲ ಡಿಜಿಟಲ್ ಗಣಕವದು. ಒಂದು ಕೋಣೆಯನ್ನೇ ಆಕ್ರಮಿಸಿದ ಆ ಯಂತ್ರದ ನೆನಪೆಲ್ಲ ತಿರುಗುವ ಒಂದು ಕಾಂತೀಯ ಉರುಳೆಯ ಮೇಲಿತ್ತು. ಅದರಲ್ಲಿ ಕಾರ್ಯಾಚರಣ ವ್ಯವಸ್ಥೆ ಎಂಬುದೇ ಇರಲಿಲ್ಲ. ಯಾವ ಅಂಕಿಯನ್ನು ಉರುಳೆಯ ಯಾವ ಸ್ಥಾನದಲ್ಲಿರಿಸಬೇಕು, ಮುಂದಿನ ಆದೇಶ ಎಲ್ಲಿದೆ ಎಂಬುದನ್ನೆಲ್ಲ ಬಳಸುವವನೇ ಯಂತ್ರದ ಸಂಕೇತಭಾಷೆಯಲ್ಲಿ ಬರೆದುಕೊಡಬೇಕಿತ್ತು. 'ಆಪರೇಟರ್' ಎಂದರೆ ಅಂದು ಕೈಕಾಲುಳ್ಳ ಮನುಷ್ಯನೇ. ಮರುವರ್ಷ, 1956ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್ ಸಂಶೋಧನಾ ವಿಭಾಗವು ವಿಮಾನ ತಯಾರಕ ಸಂಸ್ಥೆಯೊಂದರ ಜೊತೆಗೂಡಿ, ಐಬಿಎಂ 704 ಯಂತ್ರದಲ್ಲಿ ಒಂದು ಕೆಲಸ ಮುಗಿದೊಡನೆ ಮತ್ತೊಂದು ತಾನಾಗಿ ಆರಂಭವಾಗುವಂತೆ ಒಂದು ಕ್ರಮವಿಧಿಯನ್ನು ರಚಿಸಿತು. ಆ ಮನುಷ್ಯನ ಕೆಲಸವನ್ನು ತಂತ್ರಾಂಶವು ವಹಿಸಿಕೊಳ್ಳತೊಡಗಿದ್ದು ಹೀಗೆ.

ನಮ್ಮ ದೇವಾಲಯಗಳ ಪಾರುಪತ್ತೇಗಾರನನ್ನು ಬಲ್ಲವರಿಗೆ ಈ ವ್ಯವಸ್ಥೆಯ ಕೆಲಸವನ್ನು ವಿವರಿಸುವುದು ಸುಲಭ. ಉಗ್ರಾಣದ ಬೀಗದಕೈ ಅವನಲ್ಲಿದೆ. ಯಾವ ಸಾಮಗ್ರಿ ಎಲ್ಲಿದೆ, ಯಾರ ಸರದಿ ಯಾವಾಗ, ಯಾರನ್ನು ಒಳಗೆ ಬಿಡಬಾರದು ಎಂಬುದು ಅವನಿಗೆ ಗೊತ್ತು. ಎಲ್ಲವೂ ಸುಗಮವಾಗಿ ನಡೆದಾಗ ಭಕ್ತಾದಿಗಳಿಗೆ ಅವನ ಮುಖವೂ ನೆನಪಿರುವುದಿಲ್ಲ. ಆದರೆ ಅವನೇ ಗರ್ಭಗುಡಿಯ ಮುಂದೆ ನಿಂತು ತನ್ನ ಹೊಸ ಪೇಟವನ್ನು ಪ್ರದರ್ಶಿಸತೊಡಗಿದರೆ? 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಆದದ್ದು ಬಹುಮಟ್ಟಿಗೆ ಇದೇ. 1995ರಿಂದ ಪರದೆಯ ಎಡಮೂಲೆಯಲ್ಲಿದ್ದ 'ಸ್ಟಾರ್ಟ್' ಗುಂಡಿಯನ್ನು ತೆಗೆದುಹಾಕಿ, ಬಣ್ಣಬಣ್ಣದ ಚೌಕಗಳನ್ನು ಮುಂದಿಟ್ಟರು. ಜನ ಗೊಣಗಿದರು. ಮರುವರ್ಷ 8.1ರಲ್ಲಿ ಗುಂಡಿ ಮರಳಿತು. 2015ರಲ್ಲಿ ವಿಂಡೋಸ್ 10ರೊಡನೆ ಹಳೆಯ ಪಟ್ಟಿಯೂ ಮರಳಿತು. ಬಳಕೆದಾರನಿಗೆ ನವೀನತೆಯ ಹಸಿವಿದೆಯೆಂದು ತಯಾರಕರು ಭಾವಿಸುತ್ತಾರೆ. ಅವನಿಗಿರುವುದು, ಇಟ್ಟ ವಸ್ತು ಇಟ್ಟಲ್ಲಿಯೇ ಸಿಗಬೇಕೆಂಬ ಹಂಬಲ.

ನಮ್ಮಂಥ ಹೊರನಾಡಿನವರಿಗೆ ಈ ಮಾತು ಇನ್ನೂ ಆಳವಾಗಿ ತಾಗುತ್ತದೆ. ಈ ಸ್ಮರಣ ಸಂಚಿಕೆಯ ಹಳೆಯ ಪ್ರತಿಗಳು ಕಪಾಟಿನಲ್ಲಿದ್ದುವು. 2020ರ ಮೇ 20ರಂದು ಅಂಫನ್ ಚಂಡಮಾರುತ ಬೀಸಿದಾಗ ನೀರು ನುಗ್ಗಿ ಹಲವು ವರ್ಷಗಳ ಸಂಚಿಕೆಗಳು ಮುದ್ದೆಯಾದವು. ಆನಂತರ, ದಿವಂಗತರಾದ ಸದಸ್ಯೆಯೊಬ್ಬರ ಮಗಳು ಬಂದು, ತಮ್ಮ ತಾಯಿ ಈ ಊರಿಗೆ ವಧುವಾಗಿ ಬಂದಿಳಿದ ದಿನಗಳನ್ನು ಕುರಿತು ಬರೆದಿದ್ದ ಲೇಖನ ಸಿಗಬಹುದೇ ಎಂದು ವಿಚಾರಿಸಿದರು. ಸಂಪಾದನೆಯ ಕಾಲದ ಸಿ.ಡಿ. ನನ್ನಲ್ಲಿತ್ತು. ಹೊಸ ಯಂತ್ರದಲ್ಲಿ ತೆರೆದರೆ ಪುಟದ ತುಂಬ ನೆತ್ತಿಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು! ನಮ್ಮ 'ನ'ಕಾರವಿರಬೇಕಾದ ಕಡೆಯಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ. ಆ ತಾಯಿಯ ಬರಹದಲ್ಲಿ ಒಂದು ಪದವೂ ಓದುವಂತಿರಲಿಲ್ಲ. ಅವರ ಮಗಳು ಪರದೆಯನ್ನು ನೋಡಿ ಸುಮ್ಮನಾದರು.

ಕಾರಣವನ್ನು ತಿಳಿದಿರುವುದೊಳ್ಳೆಯದು. 1998ರಲ್ಲಿ ಬಂದ 'ಬರಹ'ವಾಗಲಿ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಾಗಲಿ ನಮಗೆ ಮಾಡಿರುವ ಉಪಕಾರ ಅಷ್ಟಿಷ್ಟಲ್ಲ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಇಂದಿಗೂ ನಮ್ಮ ಬೆರಳುಗಳು ಮರೆತಿಲ್ಲ. ಆದರೆ ಆಗಿನ ಕಾರ್ಯಾಚರಣ ವ್ಯವಸ್ಥೆಗಳಿಗೆ ಕನ್ನಡವೇ ತಿಳಿಯದು. ಆದುದರಿಂದ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದರು. ಯಂತ್ರವು ನೆನಪಿಟ್ಟುಕೊಂಡಿದ್ದು ರೋಮನ್ ಚಿಹ್ನೆಗಳನ್ನೇ. ಕನ್ನಡವೆಂಬುದು ಮೇಲಿನ ವೇಷವಷ್ಟೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್ 1991ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸ್ಥಾನವನ್ನು ಕೊಟ್ಟಿತ್ತು. ವಿಂಡೋಸ್ ವ್ಯವಸ್ಥೆಯು ಅದನ್ನು ಅರಿತು 'ತುಂಗಾ' ಫಾಂಟನ್ನು ಜೊತೆಯಲ್ಲಿ ತಂದದ್ದು 2001ರ ಎಕ್ಸ್‌ಪಿಯಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವು ನೆಟ್ಟಗೆ ಕಾಣಲು 2012ರ 4.1ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಪಾರುಪತ್ತೇಗಾರನಿಗೆ ನಮ್ಮ ಭಾಷೆ ಬಾರದಿದ್ದರೆ ನಾವು ಉಗ್ರಾಣದಲ್ಲಿಟ್ಟ ಗಂಟಿನ ಮೇಲೆ ಯಾರ ಹೆಸರೂ ಇರದು.

ಸಂಕೇತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣವೊಂದರಿಂದ ಕೊನೆಗೆ ಲೇಖನವು ಹೊರಬಂದಿತು. ಅರ್ಕಾವೊತ್ತುಗಳು ಮಾತ್ರ ಸ್ಥಾನಪಲ್ಲಟಗೊಂಡು 'ಧರ್ಮ', 'ಸೂರ್ಯ'ಗಳೆಲ್ಲ ವಿಕಾರವಾಗಿದ್ದುವು. ಎರಡು ಭಾನುವಾರ ಆ ಮಗಳೂ ನಾನೂ ಕುಳಿತು ತಿದ್ದಿದೆವು. ಆ ಲೇಖನವನ್ನು ಈ ಸಂಚಿಕೆಯಲ್ಲಿ ಪುನರ್ಮುದ್ರಿಸಿದೆ.

ಇನ್ನು ಲೇಕ್ ಮಾರ್ಕೆಟಿನ ಹಿರಿಯರ ಯಂತ್ರದ ಸಂಗತಿ. ಅದರಲ್ಲೀಗ ಉಬುಂಟು ನಡೆಯುತ್ತಿದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಆಧಾರಿತ, ಬೆಲೆ ತೆರಬೇಕಾಗಿಲ್ಲದ ವ್ಯವಸ್ಥೆಯಿದು. ಇದು ಪಂಡಿತರಿಗೆ ಮಾತ್ರ ಎಂದು ಹೆದರಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಇದೇ ಕುಲದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವ್ಯಾಪಾರಸ್ಥರು ದುಡುಕಬಾರದು. ಅದು ವಿಂಡೋಸಿಗಾಗಿ ರಚಿತವಾದ ತಂತ್ರಾಂಶ. ಹಿರಿಯರ ಕಣ್ಣುಗಳನ್ನು ಕುರಿತೂ ಒಂದು ಮಾತು. ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದರಿಂದ, ಯಾವ ವ್ಯವಸ್ಥೆಯಾದರೂ ಅದರ ಸೆಟಿಂಗ್ಸಿನಲ್ಲಿ ಮೊದಲು ಅಕ್ಷರಗಾತ್ರವನ್ನು ಹೆಚ್ಚಿಸಿಕೊಳ್ಳಿ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬುದು ನೇತ್ರವೈದ್ಯರು ಹೇಳುವ ರೂಢಿಯ ಸಲಹೆ.

ಮುಂದಿನ ಸಂಚಿಕೆಗೆ ಲೇಖನ ಕಳುಹಿಸುವ ಸದಸ್ಯರು ದಯವಿಟ್ಟು ಯೂನಿಕೋಡಿನಲ್ಲಿಯೇ ಕಳುಹಿಸಬೇಕಾಗಿ ವಿನಂತಿ. ಕೈಬರಹದ ಪ್ರತಿಗಳಿಗೂ ಎಂದಿನಂತೆ ಸ್ವಾಗತವಿದೆ. ಅವನ್ನು ಓದಲು ಯಾವ ವ್ಯವಸ್ಥೆಯೂ ಬೇಕಿಲ್ಲ, ಅಕ್ಷರ ದುಂಡಾಗಿದ್ದರಾಯಿತು.